ನೆರಳಿನ ಮೂರು ಪ್ರಶ್ನೆಗಳು

ಕನ್ನಡದಲ್ಲಿ ‘ಹೊತ್ತು’ ಎಂಬ ಪುಟ್ಟ ಪದಕ್ಕೆ ಎರಡು ಅರ್ಥಗಳಿವೆ. ಒಂದು ಸೂರ್ಯ, ಇನ್ನೊಂದು ಕಾಲ. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಎನ್ನುವಾಗ ನಾವು ಆಡುವುದು ಸೂರ್ಯನ ಮಾತು. ಹೊತ್ತಾಯಿತು, ಹೊತ್ತು ಮೀರಿತು ಎನ್ನುವಾಗ ಕಾಲದ ಮಾತು. ನಮ್ಮ ಹಿರಿಯರಿಗೆ ಇವೆರಡೂ ಎಷ್ಟು ಹತ್ತಿರದವು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಾಗಿಲ್ಲ. ದಿಕ್ಕಿನ ಹೆಸರುಗಳೂ ಹಾಗೆಯೇ ಹುಟ್ಟಿದವು. ಸೂರ್ಯ ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ‘ಪಡು’ ಎಂದರೆ ಮುಳುಗು ಎಂದರ್ಥ. ಕರಾವಳಿಯ ಮೂಡುಬಿದಿರೆ ಮತ್ತು ಪಡುಬಿದ್ರಿ ಎಂಬ ಊರುಗಳ ಹೆಸರಿನಲ್ಲಿ ಈ ಎರಡು ದಿಕ್ಕುಗಳು ಇಂದಿಗೂ ಉಳಿದುಕೊಂಡಿವೆ.

ನಮ್ಮ ಮನೆಗೆ ಗೋಡೆ ಗಡಿಯಾರ ಬಂದದ್ದು ನಾನು ಮಾಧ್ಯಮಿಕ ಶಾಲೆಗೆ ಸೇರಿದ ಮೇಲೆ. ಅಲ್ಲಿಯವರೆಗೆ ಅಜ್ಜಿಯ ಗಡಿಯಾರವೆಂದರೆ ಮೂಡಲಿಗೆ ಮುಖ ಮಾಡಿದ್ದ ಜಗಲಿಯ ಮೇಲೆ ಬೀಳುತ್ತಿದ್ದ ಸೂರಿನ ನೆರಳು. ಆ ನೆರಳು ಗೋಡೆಯಿಂದ ಸರಿಯುತ್ತ ಮೆಟ್ಟಿಲಿಗೆ ಇಳಿದಾಗ ಹೊಲಕ್ಕೆ ಬುತ್ತಿ ಕಳುಹಿಸುವ ಸಮಯವಾಯಿತೆಂದು ಲೆಕ್ಕ. ಸಂಕ್ರಾಂತಿಯ ಆಸುಪಾಸಿಗೆ ಒಂದು ಗುರುತು, ಕಾರಹುಣ್ಣಿಮೆಯ ಆಸುಪಾಸಿಗೆ ಇನ್ನೊಂದು ಗುರುತು. ತಿಂಗಳಿಗೆ ತಕ್ಕಂತೆ ಗುರುತನ್ನು ಬದಲಿಸಬೇಕೆಂದು ಆಕೆಗೆ ಯಾರು ಕಲಿಸಿದರೋ ನಾನರಿಯೆ. ಅಕ್ಷರ ಬಾರದ ಆಕೆ ತಿಳಿದಿದ್ದ ಈ ಸಂಗತಿಯನ್ನು ಪದವಿ ಪಡೆದು, ಬಿ.ಎಡ್. ಮುಗಿಸಿ ಗಣಿತ-ವಿಜ್ಞಾನದ ಶಿಕ್ಷಕನಾದ ನಾನು ತಿಳಿದಿರಲಿಲ್ಲ ಎಂಬುದನ್ನು ಇಂದು ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಅದು 1984ರ ಜೂನ್ ತಿಂಗಳ ಕೊನೆಯ ವಾರ. ಚಿತ್ರದುರ್ಗ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆ, ಎಂಟನೆಯ ತರಗತಿ. ಸೂರ್ಯನಿಂದ ದಿಕ್ಕು ಮತ್ತು ಸಮಯವನ್ನು ತಿಳಿಯುವುದು ಅಂದಿನ ಪಾಠ. ನನ್ನ ಟಿಪ್ಪಣಿ ಪುಸ್ತಕದಿಂದ ಕಪ್ಪುಹಲಗೆಯ ಮೇಲೆ ಮೂರು ವಾಕ್ಯಗಳನ್ನು ಬರೆದೆ. ಸೂರ್ಯನು ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗುತ್ತಾನೆ. ಹಗಲು ಹನ್ನೆರಡು ಗಂಟೆಗೆ ನೆರಳು ಅತ್ಯಂತ ಚಿಕ್ಕದಾಗಿರುತ್ತದೆ. ಆ ನೆರಳು ಯಾವಾಗಲೂ ಉತ್ತರದ ಕಡೆಗೆ ಬೀಳುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. ಕುರಿ ಕಾಯುವ ಮನೆತನದವನು. ರಜೆಯ ದಿನಗಳನ್ನೆಲ್ಲ ಗುಡ್ಡದಲ್ಲಿ ಕುರಿಗಳ ಹಿಂದೆ ಕಳೆಯುತ್ತಿದ್ದವನು. “ಸಾ, ಈಗ ಮಧ್ಯಾಹ್ನದಾಗೆ ನೆಳ್ಳು ತೆಂಕ್ಲು ಕಡೀಗೆ ಬೀಳ್ತೈತೆ” ಎಂದ. ತರಗತಿ ನಕ್ಕಿತು. “ಪುಸ್ತಕಕ್ಕಿಂತ ನೀನು ದೊಡ್ಡವನೇನೋ?” ಎಂದು ಗದರಿ ಅವನನ್ನು ಪಾಠ ಮುಗಿಯುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಮತ್ತೆ ಮಾತನಾಡಲಿಲ್ಲ.

ಮರುದಿನ ಆಕಾಶ ಶುಭ್ರವಾಗಿತ್ತು. ಊಟದ ಬಿಡುವಿನಲ್ಲಿ, ಹನ್ನೆರಡೂವರೆಯ ಸುಮಾರಿಗೆ, ಏನೋ ಅಳುಕಿನಿಂದ ಧ್ವಜಸ್ತಂಭದ ಬಳಿ ಹೋಗಿ ನೋಡಿದೆ. ಹದಿನೈದು ಅಡಿಯ ಕಂಬದ ನೆರಳು ಎರಡೂವರೆ ಅಡಿಯಷ್ಟು ಉದ್ದಕ್ಕೆ, ಸ್ಪಷ್ಟವಾಗಿ ದಕ್ಷಿಣಕ್ಕೆ ಬಿದ್ದಿತ್ತು. ಹುಡುಗ ಹೇಳಿದ್ದು ಅಕ್ಷರಶಃ ಸತ್ಯ. ತಪ್ಪು ನನ್ನದು.

ಆ ಕ್ಷಣದಲ್ಲಿ ಆರಂಭವಾದ ಓದು ಇಂದಿಗೂ ಮುಗಿದಿಲ್ಲ. ಅದರಿಂದ ನಾನು ತಿಳಿದುಕೊಂಡದ್ದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಪ್ರಾಚೀನ ಜ್ಯೋತಿಶ್ಶಾಸ್ತ್ರದ ಸಿದ್ಧಾಂತ ಗ್ರಂಥಗಳಲ್ಲಿ ‘ತ್ರಿಪ್ರಶ್ನಾಧಿಕಾರ’ ಎಂಬ ಅಧ್ಯಾಯವೊಂದಿದೆ. ಸೂರ್ಯಸಿದ್ಧಾಂತದಲ್ಲಿ ಅದು ಮೂರನೆಯ ಅಧ್ಯಾಯ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯಲ್ಲಿಯೂ ಈ ವಿಷಯಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಯಾವುವು ಆ ಮೂರು ಪ್ರಶ್ನೆಗಳು? ದಿಕ್ಕು, ದೇಶ, ಕಾಲ. ಯಾವ ಕಡೆಗೆ ಮುಖ ಮಾಡಿದ್ದೇನೆ, ಭೂಮಿಯ ಮೇಲೆ ಎಲ್ಲಿ ನಿಂತಿದ್ದೇನೆ, ಈಗ ಹೊತ್ತೆಷ್ಟು? ಈ ಮೂರಕ್ಕೂ ಉತ್ತರ ಕೊಡುವ ಸಾಧನ ಒಂದೇ: ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಗೂಟ, ಅದರ ನೆರಳು. ಆ ಗೂಟಕ್ಕೆ ಶಂಕು ಎಂದು ಹೆಸರು. ಅದರ ಎತ್ತರ ಸಾಮಾನ್ಯವಾಗಿ ಹನ್ನೆರಡು ಅಂಗುಲ. ಮೂರು ಪ್ರಶ್ನೆಗಳನ್ನೂ ಒಂದೇ ಅಧ್ಯಾಯದಲ್ಲಿ ಕಟ್ಟಿದ್ದರಲ್ಲಿಯೇ ಒಂದು ಅರ್ಥವಿದೆ. ಇವು ಒಂದೇ ಹಗ್ಗದ ಮೂರು ಎಳೆಗಳು. ನನ್ನ ಮೂರು ವಾಕ್ಯಗಳು ಸೋತದ್ದು ಅವುಗಳಲ್ಲಿ ‘ದೇಶ’ ಎಂಬ ಎಳೆ ಇಲ್ಲದಿದ್ದುದರಿಂದ.

ಮೊದಲು ದಿಕ್ಕನ್ನೇ ತೆಗೆದುಕೊಳ್ಳೋಣ. ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆ ಎಂಬುದು ವರ್ಷದಲ್ಲಿ ಎರಡು ದಿನಗಳ ಆಸುಪಾಸಿನಲ್ಲಿ ಮಾತ್ರ ನಿಖರವಾದ ಮಾತು. ಮಾರ್ಚ್ 20-21 ಹಾಗೂ ಸೆಪ್ಟೆಂಬರ್ 22-23ರ ವಿಷುವಗಳಲ್ಲಿ ಅವನು ನೇರ ಪೂರ್ವದಲ್ಲಿ ಮೂಡುತ್ತಾನೆ. ಜೂನ್ 21ರ ಸುಮಾರಿಗೆ ಚಿತ್ರದುರ್ಗದಲ್ಲಿ ನೋಡಿದರೆ ಅವನು ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಮೂಡುತ್ತಾನೆ. ಡಿಸೆಂಬರ್ 21-22ರ ವೇಳೆಗೆ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ಹಳ್ಳಿಯ ಹಿರಿಯರು ಮೂಡಲ ಗುಡ್ಡದ ಯಾವ ಕೋಡಿನಿಂದ ಸೂರ್ಯ ಏಳುತ್ತಾನೆ ಎಂಬುದನ್ನು ನೋಡಿ ಕಾಲಮಾನವನ್ನು ಹೇಳಬಲ್ಲವರಾಗಿದ್ದುದು ಈ ಸರಿದಾಟದ ಬಲದಿಂದಲೇ.

ಹಾಗಾದರೆ ನಿಜವಾದ ಪೂರ್ವವನ್ನು ಹುಡುಕುವುದು ಹೇಗೆ? ಯಜ್ಞವೇದಿಯನ್ನು ಕಟ್ಟುವವರಿಗೆ ಈ ಪ್ರಶ್ನೆ ಬಹು ಹಿಂದೆಯೇ ಎದುರಾಗಿತ್ತು. ಕ್ರಿಸ್ತಪೂರ್ವ ಕಾಲದ ಕಾತ್ಯಾಯನ ಶುಲ್ಬಸೂತ್ರ ಇದಕ್ಕೆ ಸುಲಭವಾದ ಉಪಾಯವನ್ನು ಹೇಳುತ್ತದೆ. ಸಮತಟ್ಟಾದ ನೆಲದಲ್ಲಿ ಶಂಕುವನ್ನು ನಿಲ್ಲಿಸಬೇಕು. ಶಂಕುವಿನಷ್ಟೇ ಉದ್ದದ ಹಗ್ಗದಿಂದ ಅದರ ಸುತ್ತ ವೃತ್ತವೊಂದನ್ನು ಎಳೆಯಬೇಕು. ಬೆಳಿಗ್ಗೆ ಉದ್ದವಾಗಿದ್ದ ನೆರಳು ಕುಗ್ಗುತ್ತ ಬಂದು ಅದರ ತುದಿ ವೃತ್ತವನ್ನು ಮುಟ್ಟಿದಾಗ ಅಲ್ಲೊಂದು ಗುರುತು. ಮಧ್ಯಾಹ್ನದ ನಂತರ ನೆರಳು ಮತ್ತೆ ಬೆಳೆದು ಇನ್ನೊಂದು ಕಡೆ ವೃತ್ತವನ್ನು ಮುಟ್ಟಿದಾಗ ಅಲ್ಲಿ ಮತ್ತೊಂದು ಗುರುತು. ಈ ಎರಡನ್ನು ಸೇರಿಸುವ ಗೆರೆಯೇ ಪೂರ್ವ-ಪಶ್ಚಿಮ ರೇಖೆ. ಇದಕ್ಕೆ ಪ್ರಾಚೀ ಎಂದು ಹೆಸರು.

ಈ ವಿಧಾನದ ಸೊಗಸೆಂದರೆ ಇದಕ್ಕೆ ಗಡಿಯಾರವೂ ಬೇಡ, ತಿಂಗಳ ಲೆಕ್ಕವೂ ಬೇಡ. ಸೂರ್ಯ ಬೆಳಿಗ್ಗೆ ಎಷ್ಟು ಎತ್ತರದಲ್ಲಿದ್ದನೋ ಮಧ್ಯಾಹ್ನದ ನಂತರ ಅಷ್ಟೇ ಎತ್ತರಕ್ಕೆ ಇಳಿದಾಗ ನೆರಳುಗಳು ಸಮನಾಗುತ್ತವೆ ಎಂಬ ಒಂದೇ ತತ್ತ್ವ ಸಾಕು. ಸೂರ್ಯಸಿದ್ಧಾಂತದಲ್ಲಿ ಇದೇ ಕ್ರಮ ಇನ್ನಷ್ಟು ಅಚ್ಚುಕಟ್ಟಾಗಿದೆ. ನೆಲವನ್ನು ನೀರಿನಿಂದ ಮಟ್ಟ ನೋಡಿ ಸಮಮಾಡಿಕೊಳ್ಳಬೇಕು. ಎರಡು ಗುರುತುಗಳನ್ನು ಪಡೆದ ಮೇಲೆ ಅವುಗಳನ್ನು ಕೇಂದ್ರವಾಗಿಟ್ಟುಕೊಂಡು ಎರಡು ಕಂಸಗಳನ್ನು ಎಳೆದರೆ ನಡುವೆ ಮೀನಿನ ಆಕಾರ ಮೂಡುತ್ತದೆ. ಆ ಮೀನಿನ ತಲೆಯಿಂದ ಬಾಲಕ್ಕೆ ಎಳೆದ ಗೆರೆಯೇ ಉತ್ತರ-ದಕ್ಷಿಣ ರೇಖೆ. ಹೈಸ್ಕೂಲಿನಲ್ಲಿ ಕೈವಾರ ಹಿಡಿದು ಲಂಬಾರ್ಧಕವನ್ನು ಎಳೆದವರೆಲ್ಲರೂ ಈ ಮೀನನ್ನು ಬಲ್ಲರು, ಹೆಸರನ್ನು ಮಾತ್ರ ಅರಿಯರು. ಬೆಳಗಿನಿಂದ ಸಂಜೆಯೊಳಗೆ ಸೂರ್ಯನೇ ಉತ್ತರಕ್ಕೋ ದಕ್ಷಿಣಕ್ಕೋ ಕೂದಲೆಳೆಯಷ್ಟು ಸರಿಯುವುದರಿಂದ ಈ ರೇಖೆಯಲ್ಲಿ ಅತ್ಯಲ್ಪ ದೋಷ ಉಳಿಯುತ್ತದೆ. ನಂತರದ ಜ್ಯೋತಿರ್ವಿದರು ಅದನ್ನೂ ಗಮನಿಸಿ ತಿದ್ದುಪಡಿಯನ್ನು ಹೇಳಿದ್ದಾರೆ.

ಎರಡನೆಯ ಪ್ರಶ್ನೆ ದೇಶ, ಅಂದರೆ ಸ್ಥಳ. ನನ್ನ ಹುಡುಗನ ಮಾತಿನ ಕೀಲಿ ಇರುವುದು ಇಲ್ಲಿ. ವಿಷುವದ ದಿನ ಮಧ್ಯಾಹ್ನ ಹನ್ನೆರಡಂಗುಲದ ಶಂಕುವಿನ ನೆರಳು ಎಷ್ಟು ಉದ್ದವೋ ಅದಕ್ಕೆ ಪಲಭಾ ಎಂದು ಹೆಸರು. ಉಜ್ಜಯಿನಿಯಲ್ಲಿ ಅದು ಐದು ಅಂಗುಲಕ್ಕೆ ತುಸು ಹೆಚ್ಚು. ಚಿತ್ರದುರ್ಗದಲ್ಲಿ ಮೂರು ಅಂಗುಲ. ಬೆಂಗಳೂರಿನಲ್ಲಿ ಎರಡೂಮುಕ್ಕಾಲು ಅಂಗುಲ. ತೆಂಕಣಕ್ಕೆ ಹೋದಷ್ಟೂ ಅದು ಕುಗ್ಗಿ, ಭೂಮಧ್ಯರೇಖೆಯ ಮೇಲೆ ಸೊನ್ನೆಯಾಗುತ್ತದೆ. ಹೀಗೆ ಒಂದು ಊರಿನ ಅಕ್ಷಾಂಶವನ್ನು ಒಂದು ಮೋಟು ನೆರಳಿನಿಂದ ಅಳೆಯುತ್ತಿದ್ದರು. ಪಂಚಾಂಗದ ಗಣಿತಕ್ಕೆ ಪ್ರತಿ ಊರಿನ ಪಲಭಾ ಬೇಕಾಗಿತ್ತು. ಒಂದು ಊರಿನ ಲೆಕ್ಕವನ್ನು ಇನ್ನೊಂದು ಊರಿಗೆ ತಿದ್ದದೆ ಒಯ್ಯಬಾರದೆಂಬ ಎಚ್ಚರ ಅವರಲ್ಲಿತ್ತು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಅರಸನ ಆಡಳಿತಕ್ಕೆ ಬೇಕಾದ ಕಾಲಮಾನವನ್ನು ಹೇಳುವಲ್ಲಿ ಆ ಗ್ರಂಥ ನೆರಳಿನ ಅಳತೆಗಳನ್ನು ಕೊಡುತ್ತದೆ. ನೆರಳು ಇಷ್ಟು ಉದ್ದವಿದ್ದರೆ ಹಗಲಿನ ಇಷ್ಟನೆಯ ಒಂದು ಭಾಗ ಕಳೆಯಿತು ಎಂಬ ಲೆಕ್ಕ ಅದು. ಅದರ ಜೊತೆಗೆ ಆಷಾಢಮಾಸದಲ್ಲಿ ಮಧ್ಯಾಹ್ನಕ್ಕೆ ನೆರಳೇ ಇರುವುದಿಲ್ಲವೆಂದೂ ಹೇಳುತ್ತದೆ. ಈ ಮಾತು ಕರ್ಕಾಟಕ ವೃತ್ತಕ್ಕೆ ಸಮೀಪದಲ್ಲಿರುವ ಉಜ್ಜಯಿನಿಯಂತಹ ಊರಿಗೆ ಒಪ್ಪುತ್ತದೆ. ಕಳೆದುಹೋಗಿದ್ದ ಈ ಗ್ರಂಥದ ಹಸ್ತಪ್ರತಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಅದನ್ನು ಗುರುತಿಸಿ 1909ರಲ್ಲಿ ಮುದ್ರಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳು. ಆದರೆ ಆಷಾಢದಲ್ಲಿ ಮೈಸೂರಿನ ಅದೇ ಗ್ರಂಥಾಲಯದ ಅಂಗಳದಲ್ಲಿ ಶಂಕುವನ್ನು ನೆಟ್ಟಿದ್ದರೆ ನೆರಳು ಇಲ್ಲವಾಗುತ್ತಿರಲಿಲ್ಲ. ಎರಡು ಅಂಗುಲದಷ್ಟು ಉದ್ದಕ್ಕೆ, ದಕ್ಷಿಣಾಭಿಮುಖವಾಗಿ ಬೀಳುತ್ತಿತ್ತು. ಗ್ರಂಥ ಸುಳ್ಳಲ್ಲ, ಮೈಸೂರಿನ ನೆರಳೂ ಸುಳ್ಳಲ್ಲ. ಊರು ಬೇರೆ, ಅಷ್ಟೆ.

ಕರ್ನಾಟಕವು ಇಡಿಯಾಗಿ ಕರ್ಕಾಟಕ ವೃತ್ತಕ್ಕೆ ದಕ್ಷಿಣದಲ್ಲಿರುವ ನಾಡು. ಆದ್ದರಿಂದ ಉತ್ತರಕ್ಕೆ ಸರಿಯುವ ಸೂರ್ಯನು ನಮ್ಮ ನೆತ್ತಿಯನ್ನು ದಾಟಿ ಆಚೆಗೆ ಹೋಗಿ, ಮತ್ತೆ ಹಿಂದಿರುಗುತ್ತಾನೆ. ವರ್ಷಕ್ಕೆ ಎರಡು ದಿನ ಮಧ್ಯಾಹ್ನದಲ್ಲಿ ನೆರಳು ಕಾಲಡಿಯಲ್ಲಿ ಅಡಗುತ್ತದೆ. ಬೆಂಗಳೂರಿನಲ್ಲಿ ಆ ದಿನಗಳು ಏಪ್ರಿಲ್ 24-25 ಹಾಗೂ ಆಗಸ್ಟ್ 18ರ ಸುಮಾರು. ಚಿತ್ರದುರ್ಗದಲ್ಲಿ ಏಪ್ರಿಲ್ ಕೊನೆ ಮತ್ತು ಆಗಸ್ಟ್ ಮಧ್ಯಭಾಗ. ಬೀದರಿನಲ್ಲಿ ಮೇ ಮಧ್ಯಭಾಗ ಮತ್ತು ಜುಲೈ ಕೊನೆ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ, ಉಳಿದ ತಿಂಗಳುಗಳಲ್ಲಿ ಉತ್ತರಕ್ಕೆ. ಕುರಿಗಳನ್ನು ಮಧ್ಯಾಹ್ನ ಬಂಡೆಯ ಯಾವ ಮಗ್ಗುಲಿಗೆ ನಿಲ್ಲಿಸಿದರೆ ತಂಪು ಎಂಬುದು ಕುರಿಗಾಹಿಗೆ ದಿನನಿತ್ಯದ ವಿಷಯ. ಬೇಸಿಗೆ ಕಳೆಯುವ ಹೊತ್ತಿಗೆ ನೆರಳು ಬಂಡೆಯ ತೆಂಕಣ ಮಗ್ಗುಲಿಗೆ ಹೋಗುವುದನ್ನು ಅವನು ಕಣ್ಣಾರೆ ಕಂಡಿರುತ್ತಾನೆ. ನನ್ನ ಟಿಪ್ಪಣಿಯಲ್ಲಿದ್ದ ‘ಯಾವಾಗಲೂ ಉತ್ತರಕ್ಕೆ’ ಎಂಬ ಮಾತು ದೆಹಲಿಗೆ ಸರಿ, ಲಂಡನ್ನಿಗೆ ಸರಿ. ನಾನು ನಿಂತಿದ್ದ ನೆಲಕ್ಕೆ ಸರಿಯಲ್ಲ. ಕೈಗಡಿಯಾರದ ಗಂಟೆಮುಳ್ಳನ್ನು ಸೂರ್ಯನ ಕಡೆ ತಿರುಗಿಸಿ, ಅದಕ್ಕೂ ಹನ್ನೆರಡರ ಅಂಕಿಗೂ ನಡುವಿನ ದಿಕ್ಕು ದಕ್ಷಿಣವೆಂದು ತಿಳಿಯುವ ಉಪಾಯವೂ ಹೀಗೆಯೇ. ಅದು ಸೂರ್ಯ ಸದಾ ದಕ್ಷಿಣದಲ್ಲಿಯೇ ನಿಲ್ಲುವ ಶೀತದೇಶಗಳ ಕೈಪಿಡಿಯ ಮಾತು. ಜೂನ್ ತಿಂಗಳ ಮಧ್ಯಾಹ್ನ ನಮ್ಮಲ್ಲಿ ಅದನ್ನು ನಂಬಿ ನಡೆದವನು ತೆಂಕಣಕ್ಕೆಂದು ಹೊರಟು ಬಡಗಣಕ್ಕೆ ಹೋಗಬೇಕಾದೀತು.

ಇನ್ನು ಮೂರನೆಯ ಪ್ರಶ್ನೆ, ಕಾಲ. ದಿನವೊಂದಕ್ಕೆ 60 ಘಳಿಗೆ, ಘಳಿಗೆಗೆ 24 ನಿಮಿಷ ಎಂಬುದು ನಮ್ಮ ಹಳೆಯ ಲೆಕ್ಕ. ಹಗಲಿನಲ್ಲಿ ಘಳಿಗೆಯನ್ನು ನೆರಳಿನಿಂದಲೂ ರಾತ್ರಿಯಲ್ಲಿ ನೀರಿನ ಮೇಲೆ ತೇಲಿಬಿಟ್ಟ ತೂತಿನ ಬಟ್ಟಲಿನಿಂದಲೂ ಅಳೆಯುತ್ತಿದ್ದರು. ನೆರಳು ನೋಡುವುದು ಒಂದು ಧರ್ಮಕ್ಕೆ ಸೇರಿದ ವಿದ್ಯೆಯೂ ಅಲ್ಲ. ಮಸೀದಿಯಲ್ಲಿ ಲುಹರ್ ನಮಾಜಿನ ವೇಳೆ ಸೂರ್ಯ ನೆತ್ತಿಯಿಂದ ಇಳಿದೊಡನೆ ಆರಂಭವಾಗುತ್ತದೆ. ಮಧ್ಯಾಹ್ನದ ನೆರಳನ್ನು ಕಳೆದು ಉಳಿದ ನೆರಳು ವಸ್ತುವಿನ ಎತ್ತರದಷ್ಟಾದಾಗ ಅಸರ್ ವೇಳೆ ಎಂದು ಒಂದು ಪಂಥ, ಎರಡರಷ್ಟಾದಾಗ ಎಂದು ಇನ್ನೊಂದು ಪಂಥ ಹೇಳುತ್ತವೆ. ಮಧ್ಯಾಹ್ನದ ನೆರಳನ್ನು ಕಳೆಯಬೇಕೆಂಬ ನಿಯಮದಲ್ಲಿ ಊರು ಮತ್ತು ತಿಂಗಳುಗಳ ವ್ಯತ್ಯಾಸವನ್ನು ಗಮನಿಸಿದ ಜಾಣ್ಮೆ ಇದೆ.

ತಿಂಗಳು ಏಕೆ ಮುಖ್ಯವೆಂದರೆ, ಒಂದೇ ಉದ್ದದ ನೆರಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ವೇಳೆಯನ್ನು ಹೇಳುತ್ತದೆ. ಬೆಳಿಗ್ಗೆ ನಮ್ಮ ನೆರಳು ಸರಿಯಾಗಿ ನಮ್ಮ ಎತ್ತರಕ್ಕೆ ಸಮನಾಗುವ ಹೊತ್ತನ್ನು ಲೆಕ್ಕ ಹಾಕಿದರೆ ಚಿತ್ರದುರ್ಗದಲ್ಲಿ ಜೂನ್ 21ರ ಸುಮಾರಿಗೆ ಗಡಿಯಾರದಲ್ಲಿ 9 ಗಂಟೆ 20 ನಿಮಿಷವಾಗಿರುತ್ತದೆ. ಡಿಸೆಂಬರ್ 22ರ ಸುಮಾರಿಗೆ ಅದೇ ನೆರಳಿಗೆ 10 ಗಂಟೆ 40 ನಿಮಿಷ. ಒಂದು ಗಂಟೆಗೂ ಮೀರಿದ ಅಂತರ! ಅಜ್ಜಿ ಸಂಕ್ರಾಂತಿಗೊಂದು, ಕಾರಹುಣ್ಣಿಮೆಗೊಂದು ಗುರುತು ಇಟ್ಟುಕೊಂಡಿದ್ದುದು ಇದಕ್ಕಾಗಿಯೇ.

ಕಲ್ಲು-ಗಾರೆಯಲ್ಲಿ ಈ ವಿದ್ಯೆ ತನ್ನ ಶಿಖರವನ್ನು ಮುಟ್ಟಿದ್ದು ಹದಿನೆಂಟನೆಯ ಶತಮಾನದಲ್ಲಿ, ಸವಾಯಿ ಜಯಸಿಂಹನು ಕಟ್ಟಿಸಿದ ಜಂತರ್ ಮಂತರ್‌ಗಳಲ್ಲಿ. ಜೈಪುರದ ಸಮ್ರಾಟ್ ಯಂತ್ರದ ಎತ್ತರ ಸುಮಾರು 27 ಮೀಟರು. ಅದರ ನೆರಳು ಕಣ್ಣಿಗೆ ಕಾಣುವಂತೆ ಚಲಿಸುತ್ತದೆ. ಆದರೆ ಅದರ ಓರೆಗೋಡೆಯ ಇಳಿಜಾರು ಜೈಪುರದ ಅಕ್ಷಾಂಶಕ್ಕೆ ತಕ್ಕಂತೆ ಕಟ್ಟಿದ್ದು. ಅದನ್ನು ಯಥಾವತ್ತಾಗಿ ತಂದು ಬೆಂಗಳೂರಿನಲ್ಲಿ ನಿಲ್ಲಿಸಿದರೆ ಅಷ್ಟು ದೊಡ್ಡ ಯಂತ್ರವೂ ತಪ್ಪು ಹೊತ್ತನ್ನು ಹೇಳುತ್ತದೆ.

ಕಡೆಗೆ ನನ್ನ ಎರಡನೆಯ ವಾಕ್ಯ: ಹನ್ನೆರಡು ಗಂಟೆಗೆ ನೆರಳು ಚಿಕ್ಕದು. ಇದೂ ನಿಲ್ಲುವ ಮಾತಲ್ಲ. ಹಿಂದೆ ಪ್ರತಿ ಊರಿಗೂ ಅದರದೇ ಮಧ್ಯಾಹ್ನವಿತ್ತು. ರೈಲು ಬಂದಾಗ ಅದರಿಂದ ಗೊಂದಲವಾಯಿತು. 1870ರಿಂದ ರೈಲ್ವೆಗಳು ಮದರಾಸಿನ ವೇಳೆಯನ್ನು ಬಳಸಿದವು. 1906ರ ಜನವರಿ 1ರಿಂದ ಇಡೀ ದೇಶಕ್ಕೆ ಒಂದೇ ವೇಳೆ ಜಾರಿಗೆ ಬಂದಿತು. ಅದು 82½ ಡಿಗ್ರಿ ಪೂರ್ವ ರೇಖಾಂಶದ ವೇಳೆ. ಆದರೂ ಮುಂಬಯಿ ಹಟಹಿಡಿದು 1955ರವರೆಗೆ ತನ್ನ ವೇಳೆಯನ್ನು ಉಳಿಸಿಕೊಂಡಿತ್ತು. ಚಿತ್ರದುರ್ಗ ಆ ರೇಖಾಂಶಕ್ಕೆ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿಯ ಸೂರ್ಯ ಗಡಿಯಾರಕ್ಕಿಂತ 24 ನಿಮಿಷ ಹಿಂದೆ. ಇದರ ಮೇಲೆ ಭೂಮಿಯ ಕಕ್ಷೆಯ ಅಂಡಾಕಾರ ಮತ್ತು ಅಕ್ಷದ ಓರೆಯಿಂದಾಗುವ ಏರುಪೇರು ಸೇರುತ್ತದೆ. ಹೀಗಾಗಿ ಅಲ್ಲಿ ನಿಜವಾದ ಮಧ್ಯಾಹ್ನ ನವೆಂಬರ್ ಆರಂಭದಲ್ಲಿ 12 ಗಂಟೆ 8 ನಿಮಿಷಕ್ಕೆ, ಫೆಬ್ರವರಿ ಮಧ್ಯದಲ್ಲಿ ಸುಮಾರು 12 ಗಂಟೆ 39 ನಿಮಿಷಕ್ಕೆ ಆಗುತ್ತದೆ. ಅಂದು ನಾನು ಹನ್ನೆರಡೂವರೆಯ ಸುಮಾರಿಗೆ ಧ್ವಜಸ್ತಂಭದ ಬಳಿ ಹೋದದ್ದು ಕೇವಲ ಆಕಸ್ಮಿಕ. ನಿಜವಾದ ಮಧ್ಯಾಹ್ನವನ್ನು ಅರಿಯದೆಯೇ ಹಿಡಿದಿದ್ದೆ.

ಇಷ್ಟನ್ನೂ ಓದಿ ತಿಳಿಯಲು ನನಗೆ ವರ್ಷಗಳು ಹಿಡಿದವು. ಆದರೆ ಆ ಹುಡುಗನಿಗೆ ‘ನೀನು ಹೇಳಿದ್ದು ಸರಿ’ ಎನ್ನಲು ಯಾವ ಓದೂ ಬೇಕಿರಲಿಲ್ಲ. ಮರುದಿನವೇ ಹೇಳಬಹುದಾಗಿತ್ತು. ಹೊಸ ಮೇಷ್ಟ್ರು, ತರಗತಿಯ ಮುಂದೆ ಸೋಲುವುದು ಹೇಗೆಂಬ ಹುಸಿ ಅಭಿಮಾನ. ನಾಳೆ ಹೇಳೋಣವೆನ್ನುತ್ತ ದಿನ ತಳ್ಳಿದೆ. ಆಗಸ್ಟ್ ಮಧ್ಯಭಾಗ ಕಳೆಯಿತು, ನೆರಳು ಮತ್ತೆ ಉತ್ತರಕ್ಕೆ ಹೊರಳಿತು, ನನ್ನ ತಪ್ಪು ವಾಕ್ಯ ತಾನಾಗಿಯೇ ಸರಿಯಾದಂತೆ ಕಂಡಿತು. ನಾನೂ ಸುಮ್ಮನಾದೆ. ದಸರೆಯ ರಜೆ ಕಳೆದು ಶಾಲೆ ತೆರೆದಾಗ ಅವನು ಬರಲಿಲ್ಲ. ಕುರಿಗಳೊಂದಿಗೆ ಮನೆಯವರ ಸಂಗಡ ದೂರ ಹೋದನೆಂದು ಸಹಪಾಠಿಗಳು ಹೇಳಿದರು. ಅವನು ಶಾಲೆ ಬಿಡಲು ನನ್ನ ಮಾತೇ ಕಾರಣವೆಂದು ಹೇಳಲಾರೆ. ಅಲ್ಲವೆಂದೂ ಹೇಳಲಾರೆ.

ಆ ಮರುವರ್ಷದಿಂದ, 2018ರಲ್ಲಿ ನಿವೃತ್ತನಾಗುವವರೆಗೆ, ಎಲ್ಲಿಯೇ ಕೆಲಸ ಮಾಡಿದರೂ ಜೂನ್ ತಿಂಗಳಲ್ಲಿ ಬಿಸಿಲು ಕಂಡ ಮೊದಲ ದಿನ ಮಕ್ಕಳಿಂದ ಅಂಗಳದಲ್ಲಿ ಮೂರಡಿಯ ಕೋಲೊಂದನ್ನು ನೆಡಿಸುತ್ತಿದ್ದೆ. ಪಾಠವನ್ನು ಕಪ್ಪುಹಲಗೆಯಿಂದ ಆರಂಭಿಸುತ್ತಿರಲಿಲ್ಲ. ನೆರಳು ಯಾವ ಕಡೆಗೆ ಬಿದ್ದಿದೆ ನೋಡಿ ಬನ್ನಿ ಎಂದು ಕಳುಹಿಸುತ್ತಿದ್ದೆ. ಅವರು ನೋಡಿಬಂದ ಮೇಲೆ ನನ್ನ ತಪ್ಪಿನ ಕಥೆಯನ್ನು ಹೇಳುತ್ತಿದ್ದೆ. ಮಕ್ಕಳು ನಗುತ್ತಿದ್ದರು, ಈ ಬಾರಿ ನನ್ನನ್ನು ನೋಡಿ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಮಹಡಿಯ ಮೇಲೋ ಅಂಗಳದಲ್ಲೋ ಒಂದು ಕೋಲು ನಿಲ್ಲಿಸಿ. ಸಮನೆರಳಿನ ಎರಡು ಗುರುತುಗಳನ್ನು ಹಾಕಿ ನಿಮ್ಮ ಊರಿನ ಪೂರ್ವವನ್ನು ನೀವೇ ಕಂಡುಕೊಳ್ಳಿ. ನೆರಳು ಅತಿ ಚಿಕ್ಕದಾದಾಗ ಗಡಿಯಾರ ಎಷ್ಟು ತೋರಿಸುತ್ತದೆಂದು ಬರೆದಿಡಿ. ಜೊತೆಯಲ್ಲಿ ಮೊಮ್ಮಕ್ಕಳಿದ್ದರೆ ಅವರೇ ಮೊದಲು ನೋಡಲಿ. ಅವರು ಹೇಳಿದ್ದು ಪುಸ್ತಕಕ್ಕೆ ಹೊಂದದಿದ್ದರೆ ಗದರುವ ಮೊದಲು ಒಮ್ಮೆ ಅಂಗಳಕ್ಕೆ ಹೋಗಿ ಬನ್ನಿ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಎಲ್ಲಿರುವನೋ ತಿಳಿಯದು. ಅಂದು ತರಗತಿಯಲ್ಲಿ ಹೇಳದೆ ಉಳಿಸಿಕೊಂಡ ಮಾತನ್ನು ಇಲ್ಲಿಯಾದರೂ ಬರೆದಿಡುತ್ತೇನೆ. ಅಪ್ಪಾ, ನೀನು ಹೇಳಿದ್ದೇ ಸರಿ. ನೆರಳು ತೆಂಕಲಿಗೇ ಬಿದ್ದಿತ್ತು.